ಕ್ವಾರ್ಟರ್ಸ್ ಬಿಡುವ ಲೆಕ್ಕ: ಕಲ್ಲಿದ್ದಲಿನ ಊರುಗಳಿಂದ ದಾಂಡೇಲಿಯವರೆಗೆ

ದಾಂಡೇಲಿಯ ಕಾಗದದ ಗಿರಣಿಯ ಕಾಲೊನಿ ಬಂಗೂರನಗರವಿರಲಿ, ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ಮಲ್ಲಾಪುರ ಟೌನ್‌ಶಿಪ್ ಇರಲಿ, ನಿವೃತ್ತಿ ಹತ್ತಿರವಾದವರ ಮಾತು ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬರುತ್ತದೆ. ಕ್ವಾರ್ಟರ್ಸ್ ಬಿಡುವುದು ತಡವಾದರೆ ಗ್ರಾಚ್ಯುಟಿ, ಅಂದರೆ ನಿವೃತ್ತಿಯಾದಾಗ ಸಿಗುವ ಇಡಿಗಂಟು, ತಡೆಹಿಡಿಯಬಹುದೇ? ಒಬ್ಬರು ಹೌದೆನ್ನುತ್ತಾರೆ, ಇನ್ನೊಬ್ಬರು ಸಾಧ್ಯವೇ ಇಲ್ಲ ಎನ್ನುತ್ತಾರೆ. ಇಬ್ಬರ ಬಳಿಯೂ ಒಂದೊಂದು ತೀರ್ಪಿದೆ.

ಈ ಗೋಜಲು ಹುಟ್ಟಿದ್ದು ಇಲ್ಲಲ್ಲ. ಊರಿಲ್ಲದ ಕಡೆ ಗಣಿ ತೆರೆದಾಗ ಮನೆ, ಅಂಗಡಿ, ಆಸ್ಪತ್ರೆ ಎಲ್ಲವನ್ನೂ ಕಂಪನಿಯೇ ಕಟ್ಟಬೇಕಾಯಿತು. ಕಟ್ಟಿದ ಮೇಲೆ ಅವುಗಳ ಬಾಗಿಲು ತೆಗೆಯುವ, ಮುಚ್ಚುವ ಅಧಿಕಾರವೂ ಅದರದೇ ಆಯಿತು. ಅಮೆರಿಕದ ಅನೇಕ ಕಲ್ಲಿದ್ದಲು ಊರುಗಳಲ್ಲಿ ಸಂಬಳದ ಬದಲು ಕಂಪನಿಯದೇ ಚೀಟಿ ಅಥವಾ ಬಿಲ್ಲೆ ಸಿಗುತ್ತಿತ್ತು. ಅದು ನಡೆಯುತ್ತಿದ್ದದ್ದು ಕಂಪನಿಯ ಅಂಗಡಿಯಲ್ಲಿ. 1913ರ ಸೆಪ್ಟೆಂಬರ್‌ನಲ್ಲಿ ಕೊಲೊರಾಡೊದ ಗಣಿಗಾರರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲೊಂದು ಹೀಗಿತ್ತು: ಬೇಕಾದ ಅಂಗಡಿಯಲ್ಲಿ ಸಾಮಾನು ಕೊಳ್ಳುವ, ಬೇಕಾದ ಮನೆಯಲ್ಲಿರುವ, ಬೇಕಾದ ವೈದ್ಯರ ಬಳಿ ಹೋಗುವ ಹಕ್ಕು. ಇದನ್ನೂ ಕೇಳಿ ಪಡೆಯಬೇಕಿತ್ತು! ಉತ್ತರವಾಗಿ ಅವರನ್ನು ಕಂಪನಿಯ ಮನೆಗಳಿಂದ ಹೊರಹಾಕಲಾಯಿತು. ಚಳಿಗಾಲವನ್ನು ಡೇರೆಗಳಲ್ಲಿ ಕಳೆದರು. 1914ರ ಏಪ್ರಿಲ್ 20ರಂದು ಅಂಥದೊಂದು ಡೇರೆ ಶಿಬಿರವಿದ್ದ ಲಡ್ಲೊದಲ್ಲಿ ಗುಂಡು ಹಾರಿತು, ಡೇರೆಗಳಿಗೆ ಬೆಂಕಿ ಬಿತ್ತು. ಡೇರೆಯಡಿಯ ಗುಂಡಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಉಸಿರುಗಟ್ಟಿ ಸತ್ತರು.

ನಮ್ಮಲ್ಲಿ 1774ರಲ್ಲಿ ಬಂಗಾಳದ ರಾಣಿಗಂಜ್‌ನಲ್ಲಿ ಶುರುವಾದ ಕಲ್ಲಿದ್ದಲು ಗಣಿಗಾರಿಕೆ 1971–73ರ ರಾಷ್ಟ್ರೀಕರಣದವರೆಗೆ ಬಹುಪಾಲು ಖಾಸಗಿ ಕೈಯಲ್ಲೇ ಇತ್ತು. ಅಲ್ಲಿ ಕೆಲವು ಕಂಪನಿಗಳು ಜಮೀನ್ದಾರಿ ಹಕ್ಕನ್ನೇ ಕೊಂಡವು. ಇಂದಿನ ಜಾರ್ಖಂಡ್‌ನ ಗಿರಿಡೀಹ್‌ನಲ್ಲಿ ಗಣಿಯಲ್ಲಿ ದುಡಿಯಬೇಕೆಂಬ ಷರತ್ತಿನ ಮೇಲೆ ಸಂತಾಲ ಆದಿವಾಸಿಗಳಿಗೆ ಹೊಲ ಕೊಡುತ್ತಿದ್ದರು. ಗಣಿ ಬಿಟ್ಟವನು ಗದ್ದೆಯನ್ನೂ ಬಿಡಬೇಕು.

ಚೀಟಿಯ ಸಂಬಳಕ್ಕೆ ಕಾನೂನು ತಡೆ ಹಾಕಿತು. ಬ್ರಿಟನ್‌ನಲ್ಲಿ 1831ರ ಕಾಯ್ದೆ, ನಮ್ಮಲ್ಲಿ 1936ರ ವೇತನ ಪಾವತಿ ಕಾಯ್ದೆ. ಸಂಬಳ ನಾಣ್ಯದಲ್ಲೋ ನೋಟಿನಲ್ಲೋ ಇರಬೇಕು ಎಂದ ಆ ಕಾಯ್ದೆಯೇ, ಮಾಲೀಕ ಕೊಟ್ಟ ಮನೆಯ ಬಾಬ್ತನ್ನು ಸಂಬಳದಲ್ಲಿ ಕಡಿತ ಮಾಡಲು ಒಪ್ಪಿಗೆಯನ್ನೂ ಕೊಟ್ಟಿತು. ಅಂಗಡಿಯ ಹಿಡಿತ ಸಡಿಲವಾಯಿತು, ಮನೆಯದು ಉಳಿಯಿತು.

ಉತ್ತರ ಕನ್ನಡಕ್ಕೆ ಈ ಹಿಡಿತ ಕಾರ್ಖಾನೆಗಿಂತ ಮೊದಲೇ ಗೊತ್ತು. ಒಡೆಯನ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡವನು ಗೇಣಿಯ ವಿಷಯದಲ್ಲಿ ಎದುರು ಮಾತಾಡಿದರೆ ರಾತ್ರಿ ಮಲಗುವುದೆಲ್ಲಿ? ಅಂಕೋಲೆಯ ಕಡೆಯ ರೈತ ಹೋರಾಟದ ಮುಂದಾಳು ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಕಡೆಗೆ ರಾಜ್ಯದ ಭೂಸುಧಾರಣಾ ಕಾಯ್ದೆಯ 38ನೇ ಕಲಮು, ಬೇರೆಯವರ ಜಾಗದಲ್ಲಿ ವಾಸವಿದ್ದ ಕೃಷಿ ಕೂಲಿಕಾರನಿಗೆ ಆ ಮನೆಯ ಒಡೆತನ ಪಡೆಯುವ ದಾರಿ ತೆರೆಯಿತು. ಕಾರ್ಖಾನೆಯ ಕಾರ್ಮಿಕನಿಗೆ ಅಂಥ ಕಲಮು ಯಾರೂ ಬರೆಯಲಿಲ್ಲ. ಕಾಗದದ ಗಿರಣಿಗೆಂದು 1955ರಲ್ಲಿ ಸ್ಥಾಪನೆಯಾದ ಕಂಪನಿಯ ಸುತ್ತ ದಾಂಡೇಲಿ ಬೆಳೆಯಿತು. ಕಾಳಿ ವಿದ್ಯುತ್ ಯೋಜನೆಯಿಂದ ಅಂಬಿಕಾನಗರ, ಗಣೇಶಗುಡಿಯ ಕಾಲೊನಿಗಳಾದವು. ಶಾಲೆ, ನೀರು, ಬೀದಿದೀಪ ಎಲ್ಲ ಬಂದವು, ಮತ್ತು ಒಳ್ಳೆಯವೇ ಬಂದವು ಎನ್ನಬೇಕು. ಮನೆ ಮಾತ್ರ ನೌಕರಿಯ ಬಾಲವಾಗಿಯೇ ಇತ್ತು.

ಖಾಸಗಿ ಕಂಪನಿಯ ಕ್ವಾರ್ಟರ್ಸ್ ಬಿಡದಿದ್ದರೆ ಕಂಪನಿ ಕಾಯ್ದೆಯಡಿ ಕ್ರಿಮಿನಲ್ ಪ್ರಕರಣವೇ ದಾಖಲಾಗಬಹುದು. ಹಳೆಯ ಕಾಯ್ದೆಯಲ್ಲಿ 630ನೇ ಕಲಮು, 2013ರದರಲ್ಲಿ 452. ನಿವೃತ್ತರಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಕೈಗಾದಂಥ ಕೇಂದ್ರ ಸರ್ಕಾರಿ ಸಂಸ್ಥೆಗಾದರೆ 1971ರ ಸಾರ್ವಜನಿಕ ಆವರಣಗಳ ಕಾಯ್ದೆ ಇದೆ. ಅಲ್ಲಿ ನೋಟಿಸು ಕೊಡುವುದು ಎಸ್ಟೇಟ್ ಅಧಿಕಾರಿ. ಗ್ರಾಚ್ಯುಟಿ ಬೇರೆ ಕಾಯ್ದೆಯ ಹಕ್ಕು, ಅದಕ್ಕೆ ಕೈಹಾಕುವಂತಿಲ್ಲ ಎಂಬ ವಾದಕ್ಕೆ ಬಲ ಕೊಟ್ಟ ತೀರ್ಪುಗಳಿದ್ದವು. ಆದರೆ 2020ರ ಡಿಸೆಂಬರ್‌ನಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅವಧಿ ಮೀರಿ ಉಳಿದವರ ದಂಡ ಬಾಡಿಗೆಯನ್ನು ಗ್ರಾಚ್ಯುಟಿಯಿಂದ ಮುರಿದುಕೊಳ್ಳಲು ಸಮ್ಮತಿಸಿತು. ಕಂಪನಿ ಕಾಯ್ದೆಗೆ ಅದೇ ವರ್ಷ ಬಂದ ತಿದ್ದುಪಡಿಯೊಂದು, ಭವಿಷ್ಯನಿಧಿ, ಗ್ರಾಚ್ಯುಟಿಯಂಥ ಬಾಕಿಯನ್ನು ಕಂಪನಿ ಕೊಡದಿದ್ದರೆ ನೌಕರನನ್ನು 452ರಡಿ ಜೈಲಿಗೆ ಕಳಿಸುವಂತಿಲ್ಲ ಎಂದಿತು. ಹಾಗಾಗಿ ಯಾವ ಸಂಸ್ಥೆ, ಯಾವ ನಿಯಮಾವಳಿ, ಬಾಕಿ ಯಾರದು ಎಂದು ಕೇಳದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು.