ಬಿಪಿ ಇಳಿದಾಗ ಮೂತ್ರದ ವಿಷಯ ಯಾಕೆ ಕೇಳುತ್ತೇವೆ?

ಜ್ವರ ಬಂದು ಬಿಪಿ ಇಳಿದವರನ್ನು ಕರೆತಂದಾಗ ಮನೆಯವರ ಮೊದಲ ಪ್ರಶ್ನೆ ‘ಹಾರ್ಟ್ ಸರಿ ಇದೆಯಾ ಡಾಕ್ಟ್ರೇ?’ ಎಂದು. ನಾನು ಕೇಳುವುದು ಬೇರೆ. ‘ಕೊನೇ ಸಲ ಮೂತ್ರಕ್ಕೆ ಹೋಗಿದ್ದು ಯಾವಾಗ? ಬಣ್ಣ ಹೇಗಿತ್ತು?’ ಎಷ್ಟೋ ಜನ ಇದನ್ನು ಗಮನಿಸಿಯೇ ಇರುವುದಿಲ್ಲ. ಆದರೆ ಬಿಪಿ ಮೀಟರ್ ತೋರಿಸುವ ಮೊದಲೇ ಎಷ್ಟೋ ಸಲ ಮೂತ್ರ ವಿಷಯ ಹೇಳಿಬಿಟ್ಟಿರುತ್ತದೆ. ನೀರು ಕಡಿಮೆಯಾದರೆ ದೇಹ ಮೊದಲು ಮೂತ್ರವನ್ನು ಬಿಗಿಹಿಡಿಯುತ್ತದೆ, ಬಿಪಿಯನ್ನು ಆದಷ್ಟು ಹೊತ್ತು ಉಳಿಸಿಕೊಳ್ಳುತ್ತದೆ.

ಬಿಪಿ ಕಾಯುವ ಕೆಲಸದಲ್ಲಿ ಎರಡು ವೇಗಗಳಿವೆ. ಒಂದು ನರಗಳದ್ದು, ಬಹಳ ಚುರುಕು. ಮಲಗಿದವರು ಎದ್ದು ನಿಂತರೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲೂ ಹೃದಯದಿಂದ ಹೊರಡುವ ಮಹಾಪಧಮನಿಯಲ್ಲೂ ಗೋಡೆ ಎಷ್ಟು ಹಿಗ್ಗಿದೆ ಎಂದು ಅಳೆಯುವ ನರದ ತುದಿಗಳಿವೆ. ಹಿಗ್ಗು ಕಡಿಮೆಯಾಯಿತು ಅಂದರೆ ಒಂದೆರಡು ಬಡಿತದೊಳಗೆ ಹೃದಯದ ವೇಗ ಏರುತ್ತದೆ. ಹಿಂದೆಯೇ ರಕ್ತನಾಳಗಳು ಬಿಗಿಯುತ್ತವೆ. ನಮಗೆ ಗೊತ್ತೂ ಆಗುವುದಿಲ್ಲ. ವಯಸ್ಸಾದವರಲ್ಲಿ, ಹಳೇ ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಚುರುಕು ಕಡಿಮೆ. ಎದ್ದ ಕೂಡಲೇ ಕಣ್ಣು ಕತ್ತಲೆ ಬರುವುದು ಅದಕ್ಕೇ. ಅವರ ಬಿಪಿಯನ್ನು ಮಲಗಿಸಿ ಒಮ್ಮೆ, ನಿಂತು 3 ನಿಮಿಷದೊಳಗೆ ಒಮ್ಮೆ ನೋಡಬೇಕು. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರೆಗಳನ್ನು ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ನೋಡಿ ಕಳಿಸಿದರೆ ಇದು ಸಿಗುವುದೇ ಇಲ್ಲ.

ಈ ನರಗಳಿಗೆ ಒಂದು ದೌರ್ಬಲ್ಯವಿದೆ. ಒತ್ತಡ ಕೆಲವು ದಿನ ಏರಿಯೇ ಇದ್ದರೆ ಅವು ಅದಕ್ಕೆ ಒಗ್ಗಿಹೋಗುತ್ತವೆ, ಅದನ್ನೇ ಸರಿ ಅಂದುಕೊಳ್ಳುತ್ತವೆ. ಹಾಗಾಗಿ ದೀರ್ಘಕಾಲದ ಬಿಪಿಯ ಲೆಕ್ಕ ಇರುವುದು ಕಿಡ್ನಿಯ ಕೈಯಲ್ಲಿ.

ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತದೆ. ಹೊರಗೆ ಬಿಡುವುದು ಒಂದೋ ಎರಡೋ ಲೀಟರ್. ಉಳಿದದ್ದೆಲ್ಲ ವಾಪಸ್. ಎಷ್ಟು ಉಪ್ಪು ವಾಪಸ್ ತೆಗೆದುಕೊಳ್ಳಬೇಕು ಎಂಬುದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ರಕ್ತದ ಪ್ರಮಾಣ ಬದಲಾಗುತ್ತದೆ, ಬಿಪಿಯೂ ಬದಲಾಗುತ್ತದೆ. ಒಳಗೆ ಬರುವ ರಕ್ತದ ಒತ್ತಡ ಕುಸಿದರೆ ಕಿಡ್ನಿ ರೆನಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. 1898ರಲ್ಲಿ ಟಿಗರ್‌ಸ್ಟೆಡ್ ಮತ್ತು ಬರ್ಗ್‌ಮನ್ ಎಂಬ ವಿಜ್ಞಾನಿಗಳು ಮೊಲದ ಕಿಡ್ನಿಯ ರಸದಲ್ಲಿ ಇದನ್ನು ಕಂಡರು. ರೆನಿನ್‌ನಿಂದ ಶುರುವಾಗುವ ಸರಪಳಿಯ ಕೊನೆಯಲ್ಲಿ ಆಂಜಿಯೋಟೆನ್ಸಿನ್ ತಯಾರಾಗುತ್ತದೆ. ಅದು ರಕ್ತನಾಳ ಬಿಗಿಯುತ್ತದೆ, ಬಾಯಾರಿಕೆ ಹುಟ್ಟಿಸುತ್ತದೆ, ಅಲ್ಡೋಸ್ಟೆರೋನ್ ಎಂಬ ಹಾರ್ಮೋನ್ ಬಿಡುಗಡೆ ಮಾಡಿಸಿ ಉಪ್ಪನ್ನು ಉಳಿಸುತ್ತದೆ. ಉಪ್ಪು ಹೋದಲ್ಲಿಗೆ ನೀರೂ ಹೋಗುತ್ತದೆ. ಇನ್ನೊಂದು ಕಡೆ, ನೀರು ಕಡಿಮೆಯಾಗಿ ರಕ್ತ ಶೇ. 1ರಿಂದ 2ರಷ್ಟು ಮಂದವಾದರೂ ಸಾಕು, ಮೆದುಳಿನಿಂದ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನ್ ರಕ್ತಕ್ಕೆ ಬರುತ್ತದೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ನಾನು ಬಣ್ಣ ಕೇಳುವುದು ಇದಕ್ಕೇ.

ಹೃದಯ ಸುಮ್ನೆ ಪಂಪು ಅಂದುಕೊಂಡಿದ್ದೆವು. 1981ರಲ್ಲಿ ಅದೂ ಒಂದು ಹಾರ್ಮೋನ್ ಬಿಡುತ್ತದೆ ಎಂದು ತಿಳಿಯಿತು. ಹೃದಯದ ಮೇಲಿನ ಕೋಣೆಗಳು ಜಾಸ್ತಿ ಹಿಗ್ಗಿದಾಗ ಬರುವ ಈ ಹಾರ್ಮೋನ್, ಉಪ್ಪು ಬಿಟ್ಟುಬಿಡು ಎಂದು ಕಿಡ್ನಿಗೆ ಹೇಳುತ್ತದೆ.

ಜ್ವರದಲ್ಲಿ ಬಿಪಿ ಇಳಿಯುವುದರಲ್ಲಿ ರೋಗನಿರೋಧಕ ಶಕ್ತಿಯ ಕೈವಾಡವೂ ಇದೆ. ಇದರಲ್ಲಿ ಅದು ಎಲ್ಲಿಂದ ಬಂತು? ಸಣ್ಣ ರಕ್ತನಾಳಗಳು ಸೋರುವುದರಿಂದ. ಸೋರುವುದು ಅವುಗಳ ಸಹಜ ಗುಣ. ಹಾಗೆ ಹೊರಬಂದ ದ್ರವವನ್ನು ಲಿಂಫ್ ನಾಳಗಳು ಹೆಕ್ಕಿ ರಕ್ತಕ್ಕೆ ಮರಳಿಸುತ್ತವೆ. ದಾರಿಯಲ್ಲಿ ಸಿಗುವ ಲಿಂಫ್ ಗಂಟುಗಳಲ್ಲಿ ಬಿಳಿ ರಕ್ತಕಣಗಳು ಆ ದ್ರವವನ್ನು ತಪಾಸಣೆ ಮಾಡುತ್ತವೆ. ಗಂಟಲು ನೋವಿನಲ್ಲಿ ದವಡೆಯ ಕೆಳಗೆ ಕೈಗೆ ಸಿಗುತ್ತವಲ್ಲ, ಅವೇ. ಬೆರಳಿಗೆ ಮುಳ್ಳು ಚುಚ್ಚಿದರೆ ಅಲ್ಲಿನ ರಕ್ತನಾಳಗಳು ಅಗಲವಾಗಿ ಇನ್ನಷ್ಟು ಸೋರುತ್ತವೆ. ಬಿಳಿ ಕಣಗಳು ಸ್ಥಳಕ್ಕೆ ತಲುಪಲು ಅದು ಬೇಕು. ಕೆಂಪು, ಬಿಸಿ, ಊತ ಎಲ್ಲ ಅದರದ್ದೇ.

ಬೆರಳಲ್ಲಿ ಒಳ್ಳೆಯದಾದ ಇದೇ ಕೆಲಸ ಮೈತುಂಬಾ ನಡೆದರೆ ಅಪಾಯ. ಇನ್ಫೆಕ್ಷನ್‌ಗೆ ಇಡೀ ದೇಹ ಹದ್ದುಮೀರಿ ಪ್ರತಿಕ್ರಿಯಿಸಿ ಸೆಪ್ಸಿಸ್ ಆದಾಗ ಎಲ್ಲ ಕಡೆ ನಾಳಗಳು ಸಡಿಲವಾಗುತ್ತವೆ, ಸೋರುತ್ತವೆ, ಬಿಪಿ ಕುಸಿಯುತ್ತದೆ. ಐಸಿಯು ಬಾಗಿಲಲ್ಲಿ ಎಷ್ಟೋ ಸಲ ಕೇಳಿದ ಮಾತು: ‘ಮೈಯೆಲ್ಲ ಊದಿಕೊಂಡಿದೆ, ಮತ್ತೂ ಡ್ರಿಪ್ ಹಾಕ್ತಿದ್ದೀರಲ್ಲ?’ ಪ್ರಶ್ನೆ ನ್ಯಾಯವಾದದ್ದೇ. ನೀರು ಮೈಯೊಳಗಿದೆ, ರಕ್ತನಾಳದೊಳಗಿಲ್ಲ. ಹಾಗೆಂದು ಸೋರುವ ಕೊಡಕ್ಕೆ ಸುರಿಯುತ್ತಲೇ ಇರಲೂ ಆಗದು. ಒಂದು ಹಂತದ ನಂತರ ನಾಳಗಳನ್ನು ಬಿಗಿ ಮಾಡುವ ಔಷಧಿಯೇ ಬೇಕು.

ಡೆಂಗಿಯಲ್ಲಿ ಈ ಸೋರಿಕೆ ಹೆಚ್ಚಾಗಿ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ. ಮನೆಯವರು ‘ಸದ್ಯ, ಹುಷಾರಾದ್ರು’ ಅನ್ನುವ ಸಮಯ ಅದು. ಬಿಪಿ 110/90 ಬಂದರೆ ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿ, ಬರೀ 20. ರಕ್ತ ಕಡಿಮೆಯಾಗಿದೆ, ನಾಳಗಳು ಬಿಗಿದು ಹೇಗೋ ತಡೆದಿಟ್ಟಿವೆ. ಜೊತೆಗೆ ಕೈಕಾಲು ತಣ್ಣಗಾಗಿ ಮೂತ್ರವೂ ಕಡಿಮೆಯಾಗಿದ್ದರೆ ಕಾಯುವಂತಿಲ್ಲ, ಆಸ್ಪತ್ರೆಗೆ ಸೇರಿಸಲೇಬೇಕು.

ಇನ್ನು ಮಾತ್ರೆಗಳ ವಿಷಯ. ಹೆಸರಿನ ಕೊನೆಗೆ ‘ಪ್ರಿಲ್’ ಅಥವಾ ‘ಸಾರ್ಟನ್’ ಇರುವ ಬಿಪಿ ಮಾತ್ರೆಗಳು ಆಂಜಿಯೋಟೆನ್ಸಿನ್ ಕೆಲಸವನ್ನೇ ತಡೆಯುತ್ತವೆ. ಮಾಮೂಲಿ ದಿನಗಳಲ್ಲಿ ಒಳ್ಳೆಯ ಮಾತ್ರೆಗಳು, ನಾನೂ ಧಾರಾಳವಾಗಿ ಬರೆಯುತ್ತೇನೆ. ಆದರೆ ವಾಂತಿ ಭೇದಿಯಾಗಿ ನೀರು ಬತ್ತಿದಾಗ ಕಿಡ್ನಿ ನೆಚ್ಚಿಕೊಳ್ಳುವುದು ಆಂಜಿಯೋಟೆನ್ಸಿನನ್ನೇ. ಆಗಲೂ ಮಾತ್ರೆ ನುಂಗುತ್ತಾ, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ, ಮೈಕೈ ನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಸೇರಿಸಿದರೆ ಕಿಡ್ನಿ ಸೋಲುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ತೋರಿಸುವ ಕ್ರಿಯಾಟಿನಿನ್ ಎರಡೇ ದಿನದಲ್ಲಿ ಏರಬಹುದು. ವಾಂತಿ ಭೇದಿ ಹಿಡಿದ ದಿನವೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಯಾವುದನ್ನು ನಿಲ್ಲಿಸಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂದು ಕೇಳಿ. ನೀವೇ ಎಲ್ಲವನ್ನೂ ಬಿಡಬೇಡಿ. ‘ಲಾಲ್’ ಎಂದು ಮುಗಿಯುವ ಮಾತ್ರೆಗಳನ್ನು, ಕ್ಲೋನಿಡಿನ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೃದಯದ ಬಡಿತ, ಬಿಪಿ ಒಮ್ಮೆಲೇ ಜಿಗಿಯುವುದುಂಟು.