ಮಾತ್ರೆ ಬಿಟ್ಟು ವಿಡಿಯೊ ಗೇಮ್ ಆಡಿಸಿದರೆ ಎಡಿಎಚ್‌ಡಿ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ನಮ್ಮ ಒಂಬತ್ತು ವರ್ಷದ ಮಗನಿಗೆ ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಇದೆ ಎಂದು ವೈದ್ಯರು ಹೇಳಿದ್ದಾರೆ. ಓದಲು ಕೂರಿಸಿದರೆ ಹತ್ತು ನಿಮಿಷ ನಿಲ್ಲುವುದಿಲ್ಲ, ಗೇಮ್ ಕೊಟ್ಟರೆ ಎರಡು ಗಂಟೆ ಅಲ್ಲಾಡುವುದಿಲ್ಲ. ಈಗ ವಿಡಿಯೊ ಗೇಮನ್ನೇ ಚಿಕಿತ್ಸೆಯಾಗಿ ಕೊಡುತ್ತಾರಂತೆ. ಹಾಗಿದ್ದರೆ ಮಾತ್ರೆ ನಿಲ್ಲಿಸಿ ಗೇಮ್ ಆಡಿಸಬಹುದೇ?

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಹಾಗೆಂದು ನೀವು ಕೇಳಿದ್ದು ಗಾಳಿಸುದ್ದಿಯೂ ಅಲ್ಲ.

ಮೊದಲು ಆ ಎರಡು ಗಂಟೆಯ ವಿಷಯ. 'ಗೇಮ್ ಮುಂದೆ ಹೀಗೆ ಕೂರುವವನಿಗೆ ಎಂಥ ಕಾಯಿಲೆ, ಬರೀ ಸೋಮಾರಿತನ' ಎನ್ನುವ ಮಾತನ್ನು ಈ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಕೇಳಿಸಿಕೊಂಡಿರುತ್ತಾರೆ. ಎಡಿಎಚ್‌ಡಿ ಇರುವ ಮಗುವಿನಲ್ಲಿ ಗಮನವೇ ಇಲ್ಲವೆಂದಲ್ಲ. ಬೇಕಾದ ಕಡೆ, ಬೇಕಾದಷ್ಟು ಹೊತ್ತು ಅದನ್ನು ನಿಲ್ಲಿಸುವುದು ಕಷ್ಟ. ಗೇಮ್‌ನಲ್ಲಿ ಆ ಕೆಲಸವನ್ನು ಗೇಮೇ ಮಾಡುತ್ತದೆ. ಕೆಲವೇ ಸೆಕೆಂಡಿಗೊಮ್ಮೆ ಅಂಕ, ಸದ್ದು, ಹೊಸ ಸವಾಲು. ಆಡುವಾಗ ಮಿದುಳಿನಲ್ಲಿ ಡೋಪಮಿನ್ (ಆಸಕ್ತಿ, ಪ್ರೇರಣೆಗೆ ಸಂಬಂಧಿಸಿದ ರಾಸಾಯನಿಕ) ಬಿಡುಗಡೆಯಾಗುವುದನ್ನು 'ನೇಚರ್' ಪತ್ರಿಕೆಯಲ್ಲಿ 1998ರಲ್ಲೇ ಸಂಶೋಧಕರು ವರದಿ ಮಾಡಿದ್ದರು. ಗಣಿತದ ಪುಸ್ತಕಕ್ಕೆ ಈ ಸೌಕರ್ಯವಿಲ್ಲ. ಅದರ ಫಲ ಪರೀಕ್ಷೆಯ ದಿನ, ಅದೂ ಬಂದರೆ! ಹಾಗಾಗಿ ಗೇಮ್ ಮುಂದಿನ ಏಕಾಗ್ರತೆಯನ್ನು ನೋಡಿ ರೋಗವಿಲ್ಲ ಎನ್ನುವುದೂ ತಪ್ಪು, ಅದೇ ಏಕಾಗ್ರತೆ ಪುಸ್ತಕಕ್ಕೂ ಬರುತ್ತದೆ ಎಂದು ಕಾಯುವುದೂ ತಪ್ಪು.

ಇನ್ನು ಚಿಕಿತ್ಸೆಯ ಗೇಮ್. ನೀವು ಕೇಳಿರುವುದು ಬಹುಶಃ 'ಎಂಡೆವರ್ ಆರ್‌ಎಕ್ಸ್' ಬಗ್ಗೆ. ಅಮೆರಿಕದ ಅಕಿಲಿ ಕಂಪನಿಯ ಈ ಗೇಮ್‌ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಜೂನ್‌ನಲ್ಲಿ ಅನುಮತಿ ಕೊಟ್ಟಿತು. ವೈದ್ಯರು ಚೀಟಿ ಬರೆದು ಕೊಡುವ ವಿಡಿಯೊ ಗೇಮ್ ಒಂದಕ್ಕೆ ಆ ಸಂಸ್ಥೆ ಒಪ್ಪಿಗೆ ಕೊಟ್ಟಿದ್ದು ಅದೇ ಮೊದಲು. ಆಗ ಅದು 8ರಿಂದ 12 ವರ್ಷದವರಿಗೆ ಮಾತ್ರ ಇತ್ತು. 2023ರಲ್ಲಿ 17 ವರ್ಷದವರೆಗೂ ವಿಸ್ತರಿಸಿದರು. ಇದರ ಬೇರು ಇರುವುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನರವಿಜ್ಞಾನಿ ಆಡಂ ಗಜಾಲಿ ಅವರ ಪ್ರಯೋಗಾಲಯದಲ್ಲಿ. ಸ್ವಾರಸ್ಯವೆಂದರೆ, 2013ರಲ್ಲಿ ಹೆಸರು ಮಾಡಿದ ಅಲ್ಲಿನ 'ನ್ಯೂರೋರೇಸರ್' ಗೇಮನ್ನು ಪರೀಕ್ಷಿಸಿದ್ದು ಮಕ್ಕಳ ಮೇಲಲ್ಲ, 60 ದಾಟಿದವರ ಮೇಲೆ.

ಆಟ ಸರಳ. ಟ್ಯಾಬ್ಲೆಟನ್ನು ಅತ್ತಿತ್ತ ವಾಲಿಸುತ್ತ ವಾಹನವನ್ನು ದಾರಿಯಲ್ಲಿ ಇಟ್ಟುಕೊಳ್ಳಬೇಕು. ಅದೇ ಹೊತ್ತಿಗೆ, ಹೇಳಿದ ಗುರಿ ಕಂಡರೆ ಮಾತ್ರ ಪರದೆ ಮುಟ್ಟಬೇಕು, ಬೇರೆಯದು ಕಂಡರೆ ಕೈ ತಡೆದುಕೊಳ್ಳಬೇಕು. ಮಗು ಸುಧಾರಿಸಿದ ಹಾಗೆಲ್ಲ ಆಟವೂ ಬಿಗಿಯಾಗುತ್ತದೆ, ಸುಲಭವಾಗಲು ಬಿಡುವುದೇ ಇಲ್ಲ. ಎರಡು ಕೆಲಸಗಳ ನಡುವೆ ಗಮನ ಹಂಚುವುದು, ಅಡ್ಡ ಬಂದದ್ದನ್ನು ಬದಿಗಿಡುವುದು, ಇವನ್ನು ಪಳಗಿಸುವುದೇ ಉದ್ದೇಶ. ಪ್ರಮಾಣ ದಿನಕ್ಕೆ ಸುಮಾರು 25 ನಿಮಿಷ, ವಾರಕ್ಕೆ ಐದು ದಿನ, ನಾಲ್ಕು ವಾರ.

ಫಲಿತಾಂಶವನ್ನು ಮಾತ್ರ ನಿಧಾನವಾಗಿ ಓದಿ. ಮುಖ್ಯ ಪ್ರಯೋಗದಲ್ಲಿ 348 ಮಕ್ಕಳಿದ್ದರು. ಒಂದು ಗುಂಪಿಗೆ ಈ ಗೇಮ್, ಇನ್ನೊಂದಕ್ಕೆ ಅಕ್ಷರ ಜೋಡಿಸಿ ಪದ ಮಾಡುವ ಆಟ. ನಾಲ್ಕು ವಾರದ ನಂತರ ಕಂಪ್ಯೂಟರಿನಲ್ಲಿ ಗಮನ ಅಳೆಯುವ ಪರೀಕ್ಷೆ ಕೊಟ್ಟಾಗ ಮೊದಲ ಗುಂಪು ಸ್ಪಷ್ಟವಾಗಿ ಮುಂದಿತ್ತು. ಪರದೆಯ ಮೇಲೆ ಚೌಕ ಒಂದು ಜಾಗದಲ್ಲಿ ಮೂಡಿದರೆ ಗುಂಡಿ ಒತ್ತು, ಇನ್ನೊಂದು ಜಾಗದಲ್ಲಿ ಮೂಡಿದರೆ ಸುಮ್ಮನಿರು, ಸುಮಾರು 20 ನಿಮಿಷ ಇಷ್ಟೇ. ದೊಡ್ಡವರಿಗೂ ಆಕಳಿಕೆ ಬರುವಂಥ ಪರೀಕ್ಷೆ ಅದು. ಅದರಲ್ಲಿ ಸುಧಾರಿಸುವುದು ಸಣ್ಣ ಮಾತಲ್ಲ. ಆದರೆ ಮನೆಯಲ್ಲಿ ಮಗು ಹೇಗಿದೆ ಎಂದು ಅಪ್ಪ ಅಮ್ಮಂದಿರನ್ನು ಕೇಳಿದಾಗ ಎರಡೂ ಗುಂಪಿನವರು 'ಪರವಾಗಿಲ್ಲ, ಸುಧಾರಿಸಿದೆ' ಎಂದರು. ಪದದಾಟ ಆಡಿದ ಮಕ್ಕಳ ಮನೆಯವರೂ! ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಬಾವಿಯಲ್ಲಿ ಈಜು ಕಲಿತವನು ಕೆರೆಯಲ್ಲೂ ಈಜಬಲ್ಲ. ಮಿದುಳಿನ ತರಬೇತಿ ಅಷ್ಟು ಸುಲಭವಾಗಿ ಜಾಗ ಬದಲಿಸುವುದಿಲ್ಲ. ಅಭ್ಯಾಸ ಮಾಡಿದ್ದರಲ್ಲಿ, ಅದನ್ನು ಹೋಲುವ ಪರೀಕ್ಷೆಯಲ್ಲಿ ಕೈ ಪಳಗುತ್ತದೆ. ಅದು ಹೋಂವರ್ಕ್‌ಗೆ, ಬ್ಯಾಗ್ ಮರೆಯದಿರುವುದಕ್ಕೆ, ಸರದಿಗೆ ಕಾಯುವುದಕ್ಕೆ ತಲುಪಿತೇ ಎಂಬುದು ಬೇರೆಯದೇ ಪ್ರಶ್ನೆ. ಎಫ್‌ಡಿಎ ಕೂಡ ಅತಿ ಚಟುವಟಿಕೆಯಂಥ ವರ್ತನೆಯ ಲಕ್ಷಣಗಳು ಇದರಿಂದ ಕಡಿಮೆಯಾಗದಿರಬಹುದು ಎಂದೇ ಹೇಳಿದೆ. ಔಷಧ, ಆಪ್ತಸಮಾಲೋಚನೆ, ಶಾಲೆಯ ನೆರವು ಇವುಗಳ ಜೊತೆಗೆ ಬಳಸಿ ಎಂದಿದೆ. ಬದಲಿಗೆ ಎಂದು ಎಲ್ಲೂ ಹೇಳಿಲ್ಲ.

ಅಡ್ಡಪರಿಣಾಮ ಕಡಿಮೆ: ಕೆಲವು ಮಕ್ಕಳಿಗೆ ತಲೆನೋವು, ಕೆಲವರಿಗೆ ಗೆಲ್ಲಲಾಗದ ಸಿಟ್ಟು. ಮಾತ್ರೆಯ ಹಸಿವಿನ ಕೊರತೆ, ನಿದ್ದೆಯ ತೊಂದರೆ ಇದಕ್ಕಿಲ್ಲ. ಅಂಥ ತೊಂದರೆಯಿಂದಲೇ ನಿಮಗೆ ಮಾತ್ರೆ ಬೇಡವೆನಿಸಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಡೋಸ್, ಸಮಯ, ಔಷಧ ಮೂರನ್ನೂ ಬದಲಿಸಿ ನೋಡಲು ಅವಕಾಶವಿದೆ.

ಫೋನಿನಲ್ಲಿ ಸಿಗುವ 'ಬುದ್ಧಿ ಚುರುಕಾಗಿಸುವ' ಆ್ಯಪ್‌ಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಎಡಿಎಚ್‌ಡಿಗೂ ನೆರವಾಗುತ್ತದೆ ಎಂದು ತಕ್ಕ ಆಧಾರವಿಲ್ಲದೆ ಜಾಹೀರಾತು ಮಾಡಿದ್ದಾರೆ ಎಂಬ ಆರೋಪದ ಮೇಲೆ 'ಲ್ಯುಮಾಸಿಟಿ' ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಮಗ ಈಗ ಆಡುತ್ತಿರುವ ಗೇಮ್ ಅಂತೂ ಚಿಕಿತ್ಸೆಯಲ್ಲ, ಮನರಂಜನೆ. ಅದಕ್ಕೊಂದು ಹೊತ್ತು, ಒಂದು ಮಿತಿ ಇರಲಿ, ಮಲಗುವ ಮುಂಚೆ ಬೇಡ. ನಿದ್ದೆ ಕೆಟ್ಟರೆ ಮರುದಿನದ ಗಮನ ಇನ್ನಷ್ಟು ಕೆಡುತ್ತದೆ.

ವೈದ್ಯರೇ ಇಂಥ ಗೇಮ್ ಸೂಚಿಸಿದರೆ ಮಾತ್ರೆಯ ಜೊತೆಗೇ ಶುರು ಮಾಡಿ, ಆ ತಿಂಗಳು ಬೇರೇನನ್ನೂ ಬದಲಿಸಬೇಡಿ. ಗೇಮ್‌ನ ಅಂಕಗಳನ್ನು ನೋಡಿ ಹಿಗ್ಗಬೇಡಿ, ನಿಮ್ಮ ಕಣ್ಣನ್ನೂ ಪೂರ್ತಿ ನಂಬಬೇಡಿ. ಪದದಾಟದ ಅಪ್ಪ ಅಮ್ಮಂದಿರಿಗೂ ಸುಧಾರಣೆ ಕಂಡಿತ್ತಲ್ಲ. ಗೇಮ್ ವಿಷಯ ಗೊತ್ತಿಲ್ಲದ ಒಬ್ಬ ಶಿಕ್ಷಕರನ್ನು ಶುರುವಿನಲ್ಲೊಮ್ಮೆ, ತಿಂಗಳ ಕೊನೆಗೊಮ್ಮೆ ಕೇಳಿ: ತರಗತಿಯಲ್ಲಿ ಕೊಟ್ಟ ಕೆಲಸವನ್ನು ಎಷ್ಟು ಸಲ ಮುಗಿಸಿದ, ಎಷ್ಟು ಸಲ ಅರ್ಧಕ್ಕೆ ಬಿಟ್ಟ?