ಪೊಲೀಸರೇ ಬರೆದ ಬಂಡಾಯ

ಸೋತ ದಂಗೆಕೋರರು ಕಾಗದಪತ್ರ ಕಾಪಾಡಿಕೊಳ್ಳುವುದು ಅಪರೂಪ. 1919ರಿಂದ 1922ರವರೆಗೆ ಉಕ್ರೇನಿನ ನಡುಭಾಗದ ಖೊಲೊದ್ನಿ ಯಾರ್ ಕಾಡುಸೀಮೆಯಲ್ಲಿ ಬೊಲ್ಶೆವಿಕರ ವಿರುದ್ಧ ಕಾದಾಡಿದ ರೈತರ ಪಾಲಿಗಂತೂ ಮನೆಯಲ್ಲಿ ಸಿಗುವ ಒಂದು ಪತ್ರವೂ ಕುತ್ತು ತರುವಂಥದ್ದು. ಹಾಗಾಗಿ ಅವರ ಕರಪತ್ರ, ಅವರ ನಾಯಕರಾದ 'ಒತಮಾನ'ರ ಆಜ್ಞೆ, ಫೋಟೊಗಳ ದೊಡ್ಡ ಪಾಲು ಇಂದು ಸಿಗುವುದು ಅವರನ್ನು ಬೇಟೆಯಾಡಿದವರ ಕಡತಗಳಲ್ಲೇ. ಜಪ್ತಿಯಾದದ್ದೇ ಉಳಿಯಿತು.

ಬೇಟೆಯಾಡಿದ್ದು ಸೋವಿಯತ್ ರಹಸ್ಯ ಪೊಲೀಸ್ ಪಡೆ ಚೇಕಾ. 1922ರಲ್ಲಿ ಅದರ ಹೆಸರು ಜಿಪಿಯು ಆಯಿತು. ಕೈವ್‌ನಲ್ಲಿರುವ ಆ ಕಡತಗಳನ್ನು ಈಗ ಉಕ್ರೇನಿನ ಭದ್ರತಾ ಸೇವೆ ನೋಡಿಕೊಳ್ಳುತ್ತಿದೆ. 2015ರ ಕಾಯ್ದೆ ಅವುಗಳನ್ನು ಸಾರ್ವಜನಿಕರಿಗೂ ತೆರೆಯಿತು.

ತೆರೆದು ಓದಿದರೆ ಮೊದಲು ಕಣ್ಣಿಗೆ ಹೊಡೆಯುವುದು 'ಡಕಾಯಿತ' ಎಂಬ ಹಣೆಪಟ್ಟಿ. ಧಾನ್ಯ ವಸೂಲಿಗೆ ತಿರುಗಿಬಿದ್ದವನೂ ಡಕಾಯಿತ, ಸ್ವತಂತ್ರ ಉಕ್ರೇನಿಗಾಗಿ ಕೋವಿ ಹಿಡಿದವನೂ ಡಕಾಯಿತ, ನಿಜವಾದ ದರೋಡೆಕೋರನೂ ಡಕಾಯಿತನೇ. ಆರೋಪಿಯ ಹೇಳಿಕೆ ಬರೆದುಕೊಂಡವನು ತನಿಖಾಧಿಕಾರಿ; ಆರೋಪಿ ತನ್ನ ಬಾಯಿಂದಲೇ 'ನಮ್ಮ ಡಕಾಯಿತ ಗುಂಪು' ಅಂದಂತೆ ದಾಖಲಾಗಿದ್ದರೆ ಅದು ಯಾರ ಮಾತು ಎಂದು ಊಹಿಸುವುದು ಕಷ್ಟವಲ್ಲ.

ಹಣೆಪಟ್ಟಿಯನ್ನಾದರೂ ಪಕ್ಕಕ್ಕಿಟ್ಟು ಓದಬಹುದು. ಬಂಡಾಯದ ಸಂಘಟನೆಯೇ ಪೊಲೀಸರ ಸೃಷ್ಟಿಯಾಗಿದ್ದರೆ?

ಜನರಲ್ ಯೂರಿ ತ್ಯುತ್ಯುನ್ನಿಕ್ 1921ರ ನವೆಂಬರಿನಲ್ಲಿ ಪೋಲೆಂಡ್ ಕಡೆಯಿಂದ ಗಡಿ ದಾಟಿ ಉಕ್ರೇನಿನಲ್ಲಿ ದಂಗೆ ಎಬ್ಬಿಸಲು ಹೊರಟವನು. ದಾಳಿ ನೆಲಕಚ್ಚಿತು. ಸೆರೆ ಸಿಕ್ಕವರಲ್ಲಿ 359 ಜನರನ್ನು ಬಜಾರ್ ಎಂಬ ಊರಿನಲ್ಲಿ ಗುಂಡಿಟ್ಟು ಕೊಂದರು. ಸೇನಾನಿ ಮಾತ್ರ ತಪ್ಪಿಸಿಕೊಂಡ. ಅವನನ್ನು ಹಿಡಿಯಲು ಜಿಪಿಯು ಉಕ್ರೇನಿನೊಳಗೆ 'ಉನ್ನತ ಸೈನಿಕ ಮಂಡಳಿ' ಎಂಬ ಭೂಗತ ಸಂಘಟನೆಯನ್ನೇ ಹುಟ್ಟುಹಾಕಿತು. ಹಳೆಯ ಒಡನಾಡಿಯೊಬ್ಬನನ್ನು ತನ್ನ ಕಡೆ ಸೆಳೆದುಕೊಂಡು, ಎಲ್ಲ ಸಿದ್ಧವಾಗಿದೆ, ನಾಯಕನೊಬ್ಬ ಬೇಕು ಎಂದು ಕರೆ ಕಳಿಸಿತು. 1923ರ ಜೂನ್‌ನಲ್ಲಿ ಅವನು ಡ್ನೀಸ್ಟರ್ ನದಿ ದಾಟಿ ಬಂದ, ಬಂಧನವಾಯಿತು. ಈ ಪ್ರಕರಣದ ಹೆಸರು 'ಕಡತ ಸಂಖ್ಯೆ 39'. ಆ ಮಂಡಳಿಯ ಕಾಗದಗಳನ್ನಷ್ಟೇ ಓದಿದವರಿಗೆ 1923ರಲ್ಲೂ ಉಕ್ರೇನಿನಲ್ಲಿ ಬಲವಾದ ಭೂಗತ ಜಾಲವಿತ್ತು ಅನ್ನಿಸೀತು. ದಾಖಲೆ ಅಸಲಿ, ಸಂಘಟನೆ ನಕಲಿ.

ಖೊಲೊದ್ನಿ ಯಾರ್ ಒತಮಾನರ ಕಥೆಯೂ ಹೀಗೆಯೇ. 1922ರ ಸೆಪ್ಟೆಂಬರ್ 29ರಂದು ಝ್ವೆನಿಹೊರೊದ್ಕಾದಲ್ಲಿ ಅವರು ಸೇರಿದ ಸಭೆಯನ್ನು ಏರ್ಪಡಿಸಿದ್ದು ಜಿಪಿಯು ಗೂಢಚಾರರು.

ಹಾಗೆಂದು ಕಡತಗಳನ್ನು ತಿಪ್ಪೆಗೆಸೆಯಬೇಕೆಂದು ನನಗನ್ನಿಸುವುದಿಲ್ಲ. ಬಾತ್ಮೀದಾರ ಗುಂಪಿನ ಬಲವನ್ನು ಹಿಗ್ಗಿಸಿ ಹೇಳಿರಬಹುದು, ಅದನ್ನು ಸದೆಬಡಿದೆವೆಂದು ಅಧಿಕಾರಿ ಕೊಚ್ಚಿಕೊಂಡಿರಬಹುದು. ಆದರೆ ರೊಟ್ಟಿ ಕೊಟ್ಟ ಮನೆ ಯಾವುದು, ಕುದುರೆ ಎಲ್ಲಿಂದ ಬಂತು, ಯಾರಿಗೆ ಯಾರು ನೆಂಟ ಎಂಬಂಥ ವಿವರಗಳಲ್ಲಿ ಸುಳ್ಳು ಹೇಳಿ ಯಾರಿಗೂ ಹೆಚ್ಚು ಲಾಭವಿರಲಿಲ್ಲ. ಕಡತದ ಮುಖ್ಯ ಆರೋಪಕ್ಕಿಂತ ಇಂಥ ಬಿಡಿ ಮಾತುಗಳಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅವುಗಳನ್ನೂ ದೇಶ ಬಿಟ್ಟುಹೋದವರ ನೆನಪುಗಳೊಂದಿಗೆ, ಸೇನೆಯ ವರದಿಗಳೊಂದಿಗೆ ತಾಳೆ ನೋಡಲೇಬೇಕು.

ಎಲ್ಲ ಬಾರಿಯೂ ಪೊಲೀಸರು ಬಯಸಿದ ಅಂತ್ಯವೇ ಸಿಗಲಿಲ್ಲ. ಝ್ವೆನಿಹೊರೊದ್ಕಾದಲ್ಲಿ ಸಿಕ್ಕಿಬಿದ್ದ ಒತಮಾನರಿಗೆ ಮರಣದಂಡನೆಯಾಗಿತ್ತು. 1923ರ ಫೆಬ್ರುವರಿ 9ರಂದು ಕೈವ್‌ನ ಲುಕ್ಯಾನಿವ್ಕಾ ಜೈಲಿನಲ್ಲಿ ಅವರು ಕಾವಲುಗಾರರ ಬಂದೂಕು ಕಿತ್ತುಕೊಂಡು ತಿರುಗಿಬಿದ್ದರು, ಹೋರಾಡುತ್ತಲೇ ಸತ್ತರು.